ಭಾವನ ಎದೆ, ಪಿಳ್ಳಪ್ಪನ ಬಿಲ್ಲೆ

ಪಕ್ಕದ ಮನೆಯವರು ಹಳೆಯ ಕೆಂಪು ನೆಲ ಕೀಳಿಸಿ ಗ್ರಾನೈಟ್ ಹಾಕಿಸುತ್ತಿದ್ದಾರೆ. ಬೆಳಗಾದರೆ ಕಲ್ಲು ಕೊಯ್ಯುವ ಮಿಷಿನ್ನಿನ ಕಿರುಚಾಟ. ಕಿರುಚಾಟವನ್ನಾದರೂ ಸಹಿಸಬಹುದು. ಮಿಡ್ಲ್ ಸ್ಕೂಲಿನಲ್ಲಿ ಜೀವಮಾನವೆಲ್ಲ ಪಾಠ ಹೇಳಿದವಳ ಕಿವಿಗೆ ಅದೇನೂ ಹೊಸದಲ್ಲ. ಸಹಿಸಲಾಗದ್ದು ಆ ಧೂಳಿನ ವಾಸನೆ. ಕಲ್ಲಿಗೆಲ್ಲಿಯ ವಾಸನೆ ಎನ್ನುತ್ತೀರಾ? ಇದೆ. ಸುಮ್ಮನೆ ಬಿದ್ದ ಕಲ್ಲಿಗೆ ಇಲ್ಲ, ಕೊರೆದ ಕಲ್ಲಿಗೆ ಇದೆ. ನನ್ನ ಅಕ್ಕ ತನ್ನ ಗಂಡನ ಅಂಗಿಯನ್ನು ಒಗೆಯಲೆಂದು ಬಕೆಟ್ಟಿಗೆ ಹಾಕಿದಾಗ ನೀರಿನಿಂದ ಮೇಲೇಳುತ್ತಿದ್ದದ್ದು ಇದೇ ವಾಸನೆ.

ಮೊನ್ನೆ ತಡೆಯಲಾರದೆ ಕಾಂಪೌಂಡಿನವರೆಗೂ ಹೋಗಿ, ಕಲ್ಲು ಕೊಯ್ಯುತ್ತಿದ್ದ ಇಬ್ಬರನ್ನು ಕರೆದು, "ಮೂಗಿಗೆ ಒದ್ದೆ ಬಟ್ಟೆ ಕಟ್ಕೊಳ್ರಪ್ಪ, ನೀರು ಬಿಟ್ಕೊಂಡು ಕೊಯ್ರಿ" ಎಂದೆ. ಅವರಲ್ಲಿ ಮೀಸೆಯವನು ನಕ್ಕು, "ಏನಾಗಲ್ಲ ಬಿಡಿ ಅಜ್ಜಿ, ದಿನಾ ತಿನ್ನೋದೇ" ಎಂದ. ಅಜ್ಜಿ ಎಂದದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಈ ವಯಸ್ಸಿನಲ್ಲಿ ಅಕ್ಕ ಎಂದಿದ್ದರೆ ಅವನ ಕಣ್ಣನ್ನೇ ಅನುಮಾನಿಸಬೇಕಾಗಿತ್ತು. ಸಿಟ್ಟು ಬಂದದ್ದು 'ದಿನಾ ತಿನ್ನೋದೇ' ಎಂದ ಮಾತಿಗೆ. ಒಳಗೆ ಬಂದು ಕಿಟಕಿ ಹಾಕಿಕೊಂಡು ಕೂತೆ. ಕೂತವಳು ಕೂತಂತೆಯೇ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿಗೆ ಹೋಗಿಬಿಟ್ಟೆ. ನೀವೂ ಬನ್ನಿ. ಆದರೆ ಮೊದಲೇ ಹೇಳಿಬಿಡುತ್ತೇನೆ, ನಗುನಗುತ್ತ ಹಿಂದಿರುಗುವ ದಾರಿಯಲ್ಲ ಇದು.

ನಮ್ಮದು ಬಂಗಾರಪೇಟೆಯ ಮಗ್ಗುಲಿನ ಒಂದು ಹಳ್ಳಿ. ಭಾವನದು ನಮ್ಮ ಪಕ್ಕದ ಹಳ್ಳಿ. ಅಣ್ಣತಮ್ಮಂದಿರು ಹಂಚಿಕೊಂಡ ಮೇಲೆ ಭಾವನ ಪಾಲಿಗೆ ಬಂದ ಹೊಲದಲ್ಲಿ ಎತ್ತು ತಿರುಗಿಸುವುದಕ್ಕೂ ಜಾಗವಿರಲಿಲ್ಲವಂತೆ. ಹಾಗಾಗಿ ಮದುವೆಗೆ ಮುಂಚೆಯೇ ಚಿನ್ನದ ಗಣಿಗೆ ಸೇರಿಕೊಂಡರು. ಕೇಜಿನಲ್ಲಿ ನಿಂತು ನೆಲದೊಳಗೆ ಇಳಿಯುವುದು, ಬಂಡೆಗೆ ಮಿಷಿನ್ ಹಿಡಿದು ತೂತು ಕೊರೆಯುವುದು, ಪಾಳಿ ಮುಗಿದ ಮೇಲೆ ಹಿಟ್ಟಿನ ಗಿರಣಿಯವನ ಹಾಗೆ ಬೆಳ್ಳಗಾಗಿ ಮೇಲೆ ಬರುವುದು. ಗಣಿಯವರು ಸಾಲಾಗಿ ಕಟ್ಟಿಸಿ ಕೊಟ್ಟಿದ್ದ ಲೈನು ಮನೆಯಲ್ಲಿ ಒಂದೇ ಕೋಣೆ, ಮುಂದೊಂದು ತಟ್ಟಿ ಕಟ್ಟಿದ ಜಗಲಿ. ಆಳದಲ್ಲಿ ಎಲ್ಲೋ ಬಂಡೆ ತಾನಾಗಿ ಸಿಡಿದರೆ, ಅದಕ್ಕೆ ಅಲ್ಲಿ ಏರ್‌ಬ್ಲಾಸ್ಟ್ ಎನ್ನುತ್ತಿದ್ದರು, ಗೂಡಿನ ಪಾತ್ರೆಗಳೆಲ್ಲ ಒಮ್ಮೆ ಝಣ್ ಎನ್ನುತ್ತಿದ್ದವು. ಆಗ ಅಕ್ಕ ಮುದ್ದೆ ತೊಳಸುವ ಕೋಲನ್ನು ಹಿಡಿದುಕೊಂಡು ಹಾಗೆಯೇ ಸುಮ್ಮನಾಗುತ್ತಿದ್ದಳು. ಅವಳಷ್ಟೇ ಅಲ್ಲ, ಇಡೀ ಲೈನೇ ಸುಮ್ಮನಾಗುತ್ತಿತ್ತು. ಸೈರನ್ ಕೂಗದಿದ್ದರೆ ಮತ್ತೆ ಕೋಲು ಆಡುತ್ತಿತ್ತು.

ನಾನು ಬಂಗಾರಪೇಟೆಯಲ್ಲಿ ಟೀಚರಾಗಿದ್ದೆ. ಮದುವೆಯ ಮಾತು ಬಂದಾಗಲೆಲ್ಲ ಗಂಡಿನ ಕಡೆಯವರಿಗೆ ನನ್ನ ಬಾಯಿ ಜಾಸ್ತಿ ಎನಿಸುತ್ತಿತ್ತು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಹಾಗಾಗಿ ಭಾನುವಾರ ಬಂತೆಂದರೆ ಮಾರಿಕುಪ್ಪಂ ರೈಲು ಹತ್ತಿ ಅಕ್ಕನ ಮನೆಗೆ ಹೊರಡುವವಳು. ರೈಲಿನಲ್ಲಿ ಒಂದು ಕಡೆ ತಮಿಳು, ಒಂದು ಕಡೆ ತೆಲುಗು, ನಡುವೆ ನಮ್ಮ ಕನ್ನಡ; ಟಿಕೆಟ್ ಕೇಳುವವನು ಮೂರರಲ್ಲೂ ಬೈಯುತ್ತಿದ್ದ. ಮನೆಗೆ ಹೋದರೆ ಭಾವ ಜಗಲಿಯಿಂದಲೇ, "ಬಂದ್ಲಪ್ಪ ಟೀಚರಮ್ಮ, ಕೈ ಕಟ್ಕೊಂಡು ಕೂತ್ಕೊಳ್ರೋ ಎಲ್ರೂ" ಎನ್ನುತ್ತಿದ್ದರು. ಕೈ ಕಟ್ಟಿಕೊಂಡು ಕೂರುತ್ತಿದ್ದವಳು ಕಮಲ ಒಬ್ಬಳೇ, ಅವರ ಒಬ್ಬಳೇ ಮಗಳು. ನನ್ನ ಹತ್ತಿರವೇ ಅವಳು ಶ್ವಾಸಕೋಶದ ಚಿತ್ರ ಕಲಿತದ್ದು. ನಾನು ಬರೆದರೆ ಅವು ಎರಡು ಬದನೆಕಾಯಿಯ ಹಾಗೆ ಕಾಣುತ್ತಿದ್ದವು. ಮುಂದೆ ಮೆಡಿಕಲ್ ಕಾಲೇಜಿನಲ್ಲಿ ನಿಜವಾದದ್ದನ್ನು ನೋಡಿ ಬಂದವಳು, "ಚಿಕ್ಕಮ್ಮ, ನೀನು ಬರ್ದಿದ್ದು ಪೂರ್ತಿ ತಪ್ಪು" ಎಂದಳು. ನನಗೆ ಹೆಮ್ಮೆಯೇ ಆಯಿತು.

ಹೌದು, ಮೆಡಿಕಲ್ ಕಾಲೇಜು. ಅರವತ್ತರ ಆಸುಪಾಸಿನಲ್ಲಿ ಲೈನು ಮನೆಯ ಹುಡುಗಿಗೆ ಬೆಂಗಳೂರಿನಲ್ಲಿ ಡಾಕ್ಟರ್ ಓದಲು ಸೀಟು ಸಿಕ್ಕಿತೆಂದರೆ ಅದು ಮನೆಯ ಸುದ್ದಿಯಾಗಿ ಉಳಿಯುವುದಿಲ್ಲ. ಲೈನಿನವರೆಲ್ಲ ಬಂದು ನೋಡಿಕೊಂಡು ಹೋದರು. ಎದುರು ಮನೆಯ ತಮಿಳಿನ ಮುದುಕಿ ಕಮಲಳಿಗೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು. ಸುಟ್ಟ ಘಾಟಿಗೆ ಭಾವ ಕೆಮ್ಮಿದರು. ಆ ಕೆಮ್ಮು ಮೆಣಸಿನಕಾಯಿಯದೆಂದೇ ಎಲ್ಲರೂ ಅಂದುಕೊಂಡೆವು.

ಸೀಟೇನೋ ಸಿಕ್ಕಿತು. ಕಾಲೇಜಿನ ಫೀಜನ್ನು ಸರ್ಕಾರ ಮಾಫಿ ಮಾಡಿತು. ಆದರೆ ಹಾಸ್ಟೆಲ್ಲು, ಊಟ, ಇಟ್ಟಿಗೆಯಂಥ ಪುಸ್ತಕಗಳು, ಬಿಳಿ ಕೋಟು, ಇವಕ್ಕೆ ಏನು ಮಾಡುವುದು? ಆಗ ಒದಗಿದ್ದು ಬಂಗಾರಪೇಟೆಯ ಮಂಡಿಯ ಒಂದು ಧರ್ಮನಿಧಿ. ಅದನ್ನು ಇಟ್ಟ ಸಾಹುಕಾರರು ಅಷ್ಟು ಹೊತ್ತಿಗೆ ತೀರಿಹೋಗಿದ್ದರು. ಬಡತನದ ದಿನಗಳಲ್ಲಿ ಅವರು ಗಣಿಯ ಬಾಯಲ್ಲಿ ಕೂತು ಕಡಲೆಪುರಿ ಮಾರುತ್ತಿದ್ದರಂತೆ. ಬೆಳಿಗ್ಗೆ ಪುರಿ ಕೊಂಡವರಲ್ಲಿ ಕೆಲವರು ಸಂಜೆ ಮೇಲೆ ಬರುತ್ತಿರಲಿಲ್ಲ. ಆ ನೆನಪಿಗೆ ಅವರು ಬರೆದಿಟ್ಟಿದ್ದು ಇಷ್ಟು: ಗಣಿಯೊಳಗೆ ಇಳಿಯುವವರ ಮಕ್ಕಳು ಡಾಕ್ಟರ್ ಓದಿದರೆ ಓದಿನ ಖರ್ಚನ್ನು ನಿಧಿ ಕೊಡಬೇಕು. ತಂದೆ ಇಳಿಯುವುದನ್ನು ನಿಲ್ಲಿಸಿದರೆ ಕೊಡುವುದನ್ನೂ ನಿಲ್ಲಿಸಬೇಕು, ಏಕೆಂದರೆ ಕಾಯಿಲೆ ಬಿದ್ದು ಬಿಟ್ಟವರಿಗೆ ಪರಿಹಾರ ಬರುತ್ತದೆ, ಆ ಹಣ ಇಲ್ಲದವರಿಗೆ ಇದು ಸಲ್ಲಲಿ. ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ನನಗೆ ಅವರ ಮೇಲೆ ಸಿಟ್ಟಿಲ್ಲ ಎಂದು ಹೇಳಬೇಕೆನ್ನಿಸುತ್ತದೆ, ಆದರೆ ಇದೆ.

ವರ್ಷಕ್ಕೊಮ್ಮೆ, ಕಾಲೇಜು ಶುರುವಾಗುವ ಮುಂಚೆ, ತಂದೆಯೂ ಮಗಳೂ ಮಂಡಿಗೆ ಹೋಗಿ ನಿಲ್ಲಬೇಕು. ಹುಣಸೆಹಣ್ಣಿನ ಚೀಲಗಳ ನಡುವೆ ಗಾದಿಯ ಮೇಲೆ ನಿಧಿಯ ಹಿರಿಯರಾದ ಶೆಟ್ಟರು ಕೂತಿರುತ್ತಿದ್ದರು. ಅವರ ಪ್ರಶ್ನೆ ಒಂದೇ.

"ಏಮಪ್ಪಾ, ಇನ್ನೂ ಒಳಕ್ಕೆ ಇಳೀತಿದೀಯಾ?"

"ಇಳೀತಿದೀನಿ ಸಾಮಿ."

ಅಷ್ಟಾದರೆ ಆ ವರ್ಷದ್ದು ಆಯಿತು. ಮಾರ್ಕ್ಸ್ ಕೇಳುತ್ತಿರಲಿಲ್ಲ, ಜಾತಿ ಕೇಳುತ್ತಿರಲಿಲ್ಲ. ತಿಂಡಿ ಕೊಟ್ಟು ಕಳಿಸುತ್ತಿದ್ದರು.

ಮೊದಲ ವರ್ಷ ಕಮಲ ರಜೆಗೆ ಬಂದಾಗ ಒಂದು ರಾಗಿ ಚೀಲದಲ್ಲಿ ಮನುಷ್ಯರ ಮೂಳೆಗಳನ್ನು ಕಟ್ಟಿಕೊಂಡು ಬಂದಿದ್ದಳು. ಓದಲಿಕ್ಕೆ ಅರ್ಧ ಆಳಿನ ಮೂಳೆ ಬೇಕಂತೆ. ಅಕ್ಕ ಬಾಗಿಲಲ್ಲೇ ಅಡ್ಡ ನಿಂತಳು. "ಯಾರ ಮನೆ ಎಣವೋ ಏನೋ, ನನ್ನ ಒಸಲು ದಾಟಕೂಡದು" ಎಂದು ಹಟ ಹಿಡಿದಳು. ಕೊನೆಗೆ ಆ ಅರ್ಧ ಆಳು ನನ್ನ ಜೊತೆ ರೈಲಿನಲ್ಲಿ ಬಂಗಾರಪೇಟೆಗೆ ಬಂದ. ನನ್ನ ಮಂಚದ ಕೆಳಗೆ ಒಂದು ಬೇಸಿಗೆಯೆಲ್ಲ ಇದ್ದ. ಅವನಿಂದ ನನಗೇನೂ ತೊಂದರೆಯಾಗಲಿಲ್ಲ; ಗೋಡೆಯ ಹಲ್ಲಿಗೆ ಹೆದರುತ್ತಿದ್ದವಳು ಅವನಿಗೆ ಹೆದರಲಿಲ್ಲ. ಭಾವ ಮಾತ್ರ ಒಂದು ದಿನ ಬಂದವರು ಮಂಚದ ಕೆಳಗೆ ಬಗ್ಗಿ, ಒಂದು ಪಕ್ಕೆಲುಬನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಇಷ್ಟು ತೆಳ್ಳಗಿರ್ತದಾ ಇದು" ಎಂದರು.

ಎರಡು ವರ್ಷ ಹೀಗೆ ಕಳೆಯಿತು. ಮೂರನೆಯ ವರ್ಷದ ರಜೆಗೆ ಕಮಲ ಬಂದಾಗ ಅವಳ ಕುತ್ತಿಗೆಯಲ್ಲಿ ಸ್ಟೆತಾಸ್ಕೋಪ್ ಇತ್ತು. ಬಸ್ಸಿನಲ್ಲೂ ರೈಲಿನಲ್ಲೂ ತೆಗೆದಿರಲಿಲ್ಲವೆಂದು ಕಾಣುತ್ತದೆ. ಸುದ್ದಿ ಹಬ್ಬಿ, ಆ ಭಾನುವಾರ ಜಗಲಿಯ ಮುಂದೆ ಸಾಲು ನಿಂತಿತು. ಕಾಯಿಲೆ ಇದ್ದವರು, ಇಲ್ಲದವರು, ಸುಮ್ಮನೆ ತಮ್ಮ ಎದೆಗೂ ಒಮ್ಮೆ ಅದನ್ನು ಇಡಿಸಿಕೊಳ್ಳಬೇಕೆಂಬ ಆಸೆಯವರು. ಎದುರು ಮನೆಯ ಮುದುಕಿ, "ಡಾಕ್ಟರಮ್ಮಾ, ಇಂಗ ಪಾರು" ಎಂದು ಮೊಣಕಾಲು ಚಾಚಿ, ಅಲ್ಲಿಗೇ ಇಡು ಎಂದಳು. ಕಮಲ ಗಂಭೀರವಾಗಿ ಮೊಣಕಾಲಿಗೂ ಇಟ್ಟು ಕೇಳಿದಳು. ನಾನು ನಕ್ಕು ನಕ್ಕು ಸಾಕಾದೆ. ನನ್ನ ಎದೆಯನ್ನೂ ಕೇಳಿ, "ಸದ್ದು ಜೋರಾಗಿದೆ ಚಿಕ್ಕಮ್ಮ, ಬಾಯಿಯಷ್ಟೇ" ಎಂದಳು.

ಭಾವ ಮಾತ್ರ ಸಾಲಿಗೆ ಬರಲಿಲ್ಲ. "ನಂದೇನು ನೋಡ್ತೀಯಾ ಮಗಾ, ಗುಂಡುಕಲ್ಲು ಇದ್ದಂಗಿದೀನಿ" ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟರು. ಮಾರನೆಯ ದಿನವೂ ಏನೋ ನೆವ. ಆಗ ಅವರಿಗೆ ರಾತ್ರಿ ಪಾಳಿ. ಬೆಳಿಗ್ಗೆ ಬಂದು, ಉಂಡು, ಗೋಡೆಗೆ ಮುಖ ಮಾಡಿ ಮಲಗುವರು. ಮೂರನೆಯ ದಿನ ಅವರು ಹಾಗೆ ನಿದ್ದೆಯಲ್ಲಿದ್ದಾಗ ಕಮಲ ಬಳೆ ತೆಗೆದಿಟ್ಟು, ಪಕ್ಕದಲ್ಲಿ ಕೂತು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟಳು. ಮಧ್ಯಾಹ್ನದ ಬಿಸಿಲು. ಅಕ್ಕ ನೀರಿಗೆ ಹೋಗಿದ್ದಳು. ಸ್ಕೂಲಿಗೆ ರಜೆಯೆಂದು ಅಲ್ಲೇ ಉಳಿದಿದ್ದ ನಾನು ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅವಳು ಒಂದು ಕಡೆ ಇಟ್ಟಳು, ಇನ್ನೊಂದು ಕಡೆ ಇಟ್ಟಳು, ಮತ್ತೆ ಮೊದಲಿನ ಕಡೆಗೇ ಬಂದಳು. ಆಮೇಲೆ ಕಿವಿಯಿಂದ ತೆಗೆದು ಸ್ಟೆತಾಸ್ಕೋಪನ್ನೇ ಅಲ್ಲಾಡಿಸಿ ನೋಡಿದಳು, ಅದು ಕೆಟ್ಟಿರಬಹುದು ಎಂಬಂತೆ. ಕೆಟ್ಟಿರಲಿಲ್ಲ.

"ಮೇಲ್ಗಡೆ ಗಾಳೀನೇ ಆಡ್ತಿಲ್ಲ ಚಿಕ್ಕಮ್ಮ" ಎಂದಳು.

ಭಾವ ಗೋಡೆಯ ಕಡೆಗೇ ಮುಖ ಇಟ್ಟುಕೊಂಡು ಮಾತಾಡಿದರು. ಎಚ್ಚರವಾಗಿಯೇ ಇದ್ದರು.

"ಗೊತ್ತು ಕಣಮ್ಮ. ನಿಮ್ಮಮ್ಮಂಗೆ ಏಳಬ್ಯಾಡ."

ಆವತ್ತು ಅವರು ಎದ್ದು ಕೂತು ಹೇಳಿದ್ದನ್ನು ನಾನೂ ಕಮಲಳೂ ಕೇಳಿದೆವು. ಕಲ್ಲಿನ ಧೂಳು ಎದೆಯಲ್ಲಿ ಕೂತು ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಅಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಒಳಗೆ ಇಳಿಯುವವರಿಗೆ ಕೆಲವು ವರ್ಷಕ್ಕೊಮ್ಮೆ ಎಕ್ಸ್‌ರೇ ಪರೀಕ್ಷೆ ಇರುತ್ತಿತ್ತು. ಕಾಯಿಲೆ ಕಂಡರೆ ಕೆಲಸದಿಂದ ಬಿಡಿಸಿ ಪರಿಹಾರ ಕೊಡುತ್ತಿದ್ದರು. ಹಿಂದಿನ ವರ್ಷ ಭಾವನ ಸರದಿ ಬಂದಿತ್ತು. ಎದೆಯಲ್ಲೇನಿದೆ ಎಂಬುದು ಅವರಿಗೆ ಎಕ್ಸ್‌ರೇಯ ಮುಂಚೆಯೇ ಗೊತ್ತಿತ್ತು. ಏಣಿ ಹತ್ತುವಾಗಲೇ ತಿಳಿಯುತ್ತಿತ್ತು. ಕಾಯಿಲೆ ಎಂದು ಬರೆದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮಂಡಿಯ ನಿಧಿ ನಿಲ್ಲುತ್ತದೆ. ಪರಿಹಾರದ ಹಣ ಬರುವುದು ಎಷ್ಟೋ ತಿಂಗಳಿಗೆ, ಅದು ಬರುವುದರೊಳಗೆ ಕಮಲ ಹಾಸ್ಟೆಲ್ ಬಿಟ್ಟು ಮನೆಗೆ ಬಂದಿರುತ್ತಾಳೆ. ಮನೆಗೆ ಬಂದ ಹೆಣ್ಣುಮಗಳಿಗೆ ಗಂಡು ನೋಡುತ್ತಾರೆಯೇ ಹೊರತು ಕಾಲೇಜು ನೋಡುವುದಿಲ್ಲ. ಇದು ಅವರ ಲೆಕ್ಕಾಚಾರ.

ಅವರ ಗ್ಯಾಂಗಿನಲ್ಲೇ ಪಿಳ್ಳಪ್ಪ ಎಂಬುವನಿದ್ದ. ಬಂಗಾರಪೇಟೆಯ ಕಡೆಯವನೇ. ಅವನ ತಮ್ಮ ಏರ್‌ಬ್ಲಾಸ್ಟಿನಲ್ಲಿ ಸತ್ತಿದ್ದ. ಅಂದಿನಿಂದ ಅವನು ಎಲ್ಲರೂ ಹತ್ತಿದ ಮೇಲೆ ಕೊನೆಗೆ ಕೇಜು ಹತ್ತುತ್ತಿದ್ದ, ಊರಿಗೆ ಹೋಗಿ ಬೇಸಾಯ ಮಾಡಬೇಕೆಂಬ ಒಂದೇ ಜಪ. ಆದರೆ ಬರಿಗೈಯಲ್ಲಿ ಹೋಗಿ ಏನು ಮಾಡುವುದು? ಅವನ ಎದೆ ಮಾತ್ರ ಕಂಚಿನ ಹಾಗಿತ್ತು. ಅವನೇ ಭಾವನಿಗೆ ಹೇಳಿದನಂತೆ: "ಅಣ್ಣಾ, ನಿಂಗೆ ಬ್ಯಾಡದ್ದು ನಂಗೆ ಬೇಕು, ನಂಗೆ ಬ್ಯಾಡದ್ದು ನಿಂಗೆ ಬೇಕು. ಬಿಲ್ಲೆ ಬದ್ಲಾಯಿಸ್ಕೊಳ್ಳಾಣ."

ಬಿಲ್ಲೆ ಎಂದರೆ ಒಬ್ಬೊಬ್ಬ ಕೆಲಸಗಾರನಿಗೂ ಕೊಟ್ಟಿದ್ದ ನಂಬರಿನ ಹಿತ್ತಾಳೆ ತುಂಡು. ಪರೀಕ್ಷೆಗೆ ಬಂದ ಡಾಕ್ಟರುಗಳು ಹೊರಗಿನವರು. ಅಂಗಿ ಬಿಚ್ಚಿ ಸಾಲು ನಿಂತವರ ಮುಖ ಅವರಿಗೆ ಹೇಗೆ ಗೊತ್ತಿರಬೇಕು? ಬಿಲ್ಲೆ ನೋಡಿ ನಂಬರು ಬರೆದುಕೊಳ್ಳುತ್ತಿದ್ದರು. ಭಾವ ಪಿಳ್ಳಪ್ಪನ ಬಿಲ್ಲೆ ಹಿಡಿದು ಹೋಗಿ ನಿಂತರು. ಪಿಳ್ಳಪ್ಪ ಭಾವನ ಬಿಲ್ಲೆ ಹಿಡಿದು ನಿಂತ. "ಆವತ್ತು ಒಂದಿನ ಮನಸಾರೆ ಕೆಮ್ಮಿಬುಟ್ಟೆ ಟೀಚರಮ್ಮ" ಎಂದು ಭಾವ ನನ್ನ ಕಡೆ ನೋಡಿ ನಕ್ಕರು. "ಯಾರೂ ಬ್ಯಾಡ ಅನ್ನಂಗಿಲ್ಲ, ಕೆಮ್ಮೋದಕ್ಕೇ ಓಗಿದ್ದಲ್ವಾ." ಪಿಳ್ಳಪ್ಪನಿಗೆ ಕಾಯಿಲೆಯೆಂದು ತೀರ್ಮಾನವಾಯಿತು, ಪರಿಹಾರ ಸಿಕ್ಕಿತು, ಅವನು ಊರಿನಲ್ಲಿ ಹೊಲ ಕೊಂಡ. ಭಾವನ ಎದೆ ಸ್ವಚ್ಛ ಎಂದು ಬರೆದರು.

"ಮುಂದಿನ ಸರದಿ ಬರೋ ಒತ್ಗೆ ಇವಳ್ದು ಮುಗಿದಿರ್ತದೆ. ಆಗ ನಾನೇ ಓಗಿ ನಿಲ್ತೀನಿ, ನನ್ನ ಬಿಲ್ಲೇನಾಗೇ" ಎಂದರು, ಎಲ್ಲ ಯೋಚಿಸಿಯೇ ಮಾಡಿದ್ದೇನೆ ಎನ್ನುವ ಹಾಗೆ.

ಕಮಲ ಅಳುತ್ತಿರಲಿಲ್ಲ. ಮೆಲ್ಲಗೆ ಹೇಳಿದಳು. "ಆಗಲ್ಲಪ್ಪ. ಹಳೇ ಫಿಲಂ ಇಟ್ಕೊಂಡಿರ್ತಾರೆ. ಹೊಸದನ್ನ ಪಕ್ಕದಲ್ಲಿ ಇಟ್ರೆ ಪಕ್ಕೆಲುಬು ನೋಡೇ ಇದು ಬೇರೆ ಆಳು ಅಂತ ತಿಳಿಯುತ್ತೆ. ಪಿಳ್ಳಪ್ಪಣ್ಣನ ಹೊಲ ಹೋಗುತ್ತೆ. ಇಬ್ರನ್ನೂ ಜೈಲಿಗೆ ಹಾಕ್ತಾರೆ."

ಇದೊಂದನ್ನು ಅವರು ಯೋಚಿಸಿರಲಿಲ್ಲ. ಒಬ್ಬೊಬ್ಬರ ಮೂಳೆ ಒಂದೊಂದು ಥರ ಇರುತ್ತದೆ ಎಂಬುದು ನೆಲದೊಳಗೆ ದುಡಿಯುವವರಿಗೆ ಹೇಗೆ ಹೊಳೆಯಬೇಕು? ಅವರು ಒಂದು ಸರದಿಗೆಂದು ಬದಲಾಯಿಸಿಕೊಂಡದ್ದು ಜೀವಮಾನಕ್ಕೆ ಬದಲಾಗಿತ್ತು. ತಮ್ಮ ರೋಗವನ್ನು ಪಿಳ್ಳಪ್ಪನ ಹೆಸರಿಗೆ ಕೊಟ್ಟು ಬಂದಿದ್ದರು. ಇನ್ನು ಎಷ್ಟೇ ಕೆಮ್ಮಿದರೂ ಅದು ಅವರದ್ದಲ್ಲ. ನನಗೆ ಭಾವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಂಥ ಪೆದ್ದುಕೆಲಸ ಮಾಡುವ ಮುಂಚೆ ಒಂದು ಮಾತು ಕೇಳಬಾರದಿತ್ತೇ ಎಂದು ಕೂಗಾಡಬೇಕೆನಿಸಿತು. ಕೂಗಾಡಲಿಲ್ಲ, ಅವರೆಕಾಯಿ ಸುಲಿದೆ.

"ನಾನು ಓದೋದು ಬಿಡ್ತೀನಿ" ಎಂದಳು ಕಮಲ. "ನರ್ಸ್ ಟ್ರೈನಿಂಗಿಗೆ ಸೇರ್ಕೊಂಡ್ರೆ ಈಗ್ಲೇ ಸಂಬಳ ಬರುತ್ತೆ. ನೀನು ನಾಳೆಯಿಂದ ಇಳೀಬೇಡ."

ಭಾವ ಅವಳ ಮೇಲೆ ರೇಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಾಳೆಯಿಂದ ಇಳೀದೆ ಇದ್ರೆ ಎದೆ ವಾಸಿ ಆಗ್ತದಾ? ಏಳು. ನೀನು ಓದಿದೀಯಲ್ಲ, ಆಗ್ತದಾ ಇಲ್ವಾ ಏಳು."

ಕಮಲ ಸ್ಟೆತಾಸ್ಕೋಪಿನ ರಬ್ಬರನ್ನು ಬೆರಳಿಗೆ ಸುತ್ತಿದಳು.

"ಏಳಮ್ಮ ಅಂದ್ರೆ!"

"ಇಲ್ಲ" ಎಂದಳು. "ವಾಸಿ ಆಗಲ್ಲ. ಆದ್ರೆ ನಿಧಾನ ಆಗುತ್ತಪ್ಪ. ಇನ್ನೊಂದಿಷ್ಟು ವರ್ಷ ಇರ್ತೀಯ."

"ಇದ್ದು?" ಎಂದರು ಭಾವ. "ನೀನು ಬಿಟ್ಟು ಬಂದ್ರೆ ನಾನು ತಿಂದಿದ್ದ ಧೂಳೆಲ್ಲ ದಂಡ."

ನಾನು ಬಂಗಾರಪೇಟೆಗೆ ಬಂದವಳು ಸೀದಾ ಮಂಡಿಗೆ ಹೋದೆ. ಶೆಟ್ಟರ ಮೊಮ್ಮಕ್ಕಳು ನನ್ನ ಕ್ಲಾಸಿನಲ್ಲಿದ್ದವು, ಅದೊಂದು ಸಲಿಗೆ. ನಮ್ಮ ಭಾವನಿಗೆ ಮೈ ಸರಿಯಿಲ್ಲ, ಅವರು ಕೆಲಸ ಬಿಟ್ಟರೂ ಮಗುವಿನ ಓದು ಮುಗಿಯುವವರೆಗೆ ನಡೆಸಿಕೊಡಿ ಎಂದು ಕೇಳಿದೆ. ಶೆಟ್ಟರು ಕೆಟ್ಟವರಲ್ಲ. ನನ್ನನ್ನು ಕೂರಿಸಿ ಕಾಫಿ ತರಿಸಿದರು.

"ಅಮ್ಮಾ, ಬರೆದಿಟ್ಟೋರು ತೀರ್ಕೊಂಡ್ರು. ಇದ್ದಿದ್ರೆ ಕಾಲು ಹಿಡಿದು ಕೇಳಬೋದಿತ್ತು. ಈಗ ಅವರ ಮಾತು ತಿದ್ದೋದಕ್ಕೆ ನಾನ್ಯಾರು? ಇವತ್ತು ನಿಮಗೆ ತಿದ್ದಿದ್ರೆ ನಾಳೆ ಇನ್ನೊಬ್ಬರು ಬರ್ತಾರೆ. ಮೈ ಸರಿಯಿಲ್ಲಾಂದ್ರೆ ಎಕ್ಸ್‌ರೇ ತೆಗೆಸಿ ಪರಿಹಾರ ತಗೊಳ್ಳಲಿ. ಅದರಲ್ಲಿ ಓದಿಸಲಿ. ನ್ಯಾಯ ಅಲ್ವಾ?"

ನ್ಯಾಯವೇ. ಆ ಪರಿಹಾರವನ್ನು ಆಗಲೇ ಇನ್ನೊಬ್ಬ ತಗೊಂಡು ಹೊಲ ಉಳುತ್ತಿದ್ದಾನೆ ಎಂದು ಹೇಗೆ ಹೇಳಲಿ? ಬಾಯಿ ಜಾಸ್ತಿಯೆಂದು ಊರೆಲ್ಲ ಹೆಸರು ಪಡೆದವಳು ಕಾಫಿ ಕುಡಿದು ಎದ್ದು ಬಂದೆ. ನನ್ನ ಸಂಬಳದಲ್ಲಿ ಓದಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ಕಾಲದ ಟೀಚರ ಸಂಬಳದಲ್ಲಿ ಹಳ್ಳಿಯಲ್ಲಿದ್ದ ಅಪ್ಪ ಅಮ್ಮನಿಗೆ ಕಳಿಸಿ, ಬಾಡಿಗೆ ಕೊಟ್ಟು ಉಳಿದದ್ದು ರೈಲಿನ ಟಿಕೆಟ್ಟಿಗೆ ಸಾಲುತ್ತಿತ್ತು. ಆದರೂ ಕೈಲಾದದ್ದು ಕೊಟ್ಟೆ.

ಕಮಲ ಬೆಂಗಳೂರಿಗೆ ಹಿಂದಿರುಗಿದಳು. ಅಲ್ಲಿಂದ ಮುಂದೆ ರಜೆಗೆ ಬರುವುದೇ ಕಡಿಮೆಯಾಯಿತು. ಓದು ಜಾಸ್ತಿ ಎಂದು ಬರೆಯುತ್ತಿದ್ದಳು. ಅಕ್ಕ, "ಡಾಕ್ಟರಾಗೋಕೆ ಮುಂಚೇನೇ ದೊಡ್ಡೋಳಾಗ್ಬುಟ್ಲು" ಎಂದು ಬೇಸರ ಪಡುತ್ತಿದ್ದಳು. ಅವಳಿಗೆ ಗೊತ್ತಿರಲಿಲ್ಲ. ಮಗಳು ಬಂದರೆ ಅಪ್ಪನ ಉಸಿರು ಕಿವಿಗೆ ಬೀಳುತ್ತದೆ, ಬಿದ್ದರೆ ಓದಲಾಗುವುದಿಲ್ಲ. ಬೇರೆ ಮಕ್ಕಳು ಮರೆತು ದೂರವಾಗುತ್ತಾರೆ, ಇವಳು ಮರೆಯಲಾರದೆ ದೂರ ಉಳಿದಳು.

ಭಾವ ಇಳಿಯುತ್ತಲೇ ಇದ್ದರು. ಮಿಷಿನ್ ಹಿಡಿಯುವ ಶಕ್ತಿ ಹೋದ ಮೇಲೆ ಗ್ಯಾಂಗಿನವರೇ ಅವರನ್ನು ಕೇಜಿನ ನಡುವೆ, ಯಾರೂ ತಳ್ಳದ ಹಾಗೆ ನಿಲ್ಲಿಸಿಕೊಂಡು ಇಳಿಯುತ್ತಿದ್ದರು. ಕೆಳಗೆ ಒಂದು ಕಡೆ ಗಾಳಿ ಬರುವ ಜಾಗದಲ್ಲಿ ಕೂರಿಸಿ, ಅವರ ಪಾಲಿನ ಕೆಲಸವನ್ನು ತಾವು ಮಾಡಿ, ಮತ್ತೆ ಮೇಲಕ್ಕೆ ಕರೆತರುತ್ತಿದ್ದರು. ಮೇಸ್ತ್ರಿಗೂ ಗೊತ್ತಿತ್ತು, ನೋಡಿಯೂ ನೋಡದವನಂತಿದ್ದ. ಅವರಲ್ಲಿ ಆರುಮುಗಂ ಎಂಬುವರನ್ನು ನಾನೊಮ್ಮೆ ದಾರಿಯಲ್ಲಿ ನಿಲ್ಲಿಸಿ ಕೈ ಮುಗಿದೆ. ಅವರು ಗಾಬರಿಯಾಗಿ, "ಅಂತದ್ದೆಲ್ಲ ವೇಣಾಂ ಟೀಚರಮ್ಮಾ. ಅಣ್ಣ ಒಳಗೆ ಬಂದು ಕೂತ್ರೆ ಪೋದುಂ, ಅಷ್ಟೇ ಸಾಕು, ವೇಲೆ ಎಲ್ಲ ನಾವು ಮಾಡ್ತೀವಿ. ಅಣ್ಣನ ಪಾಪ್ಪಾ ನಮಗೂ ಡಾಕ್ಟರೇ ಅಲ್ವಾ" ಎಂದರು. ಆ ಗ್ಯಾಂಗಿನಲ್ಲಿ ಪ್ರತಿಯೊಬ್ಬನೂ ತನ್ನ ಎದೆಯಲ್ಲೂ ಅದೇ ಧೂಳು ಹೊತ್ತುಕೊಂಡೇ ಭಾವನ ಪಾಲಿನ ಕೆಲಸ ಮಾಡುತ್ತಿದ್ದ. ಸ್ಕಾಲರ್‌ಷಿಪ್ ಕೊಟ್ಟವರು ಯಾರು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವವರು ಇವರೇ.

ಕೊನೆಯ ವರ್ಷ ಮಂಡಿಗೆ ಭಾವನನ್ನು ನಾನೇ ಕರೆದುಕೊಂಡು ಹೋದೆ. ಸ್ಟೇಷನ್ನಿನಿಂದ ಮಂಡಿ ಎಷ್ಟು ದೂರ? ನಮ್ಮಂಥವರಿಗೆ ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟು. ಅವತ್ತು ಅಲ್ಲಲ್ಲಿ ಕೂತು, ಚಪ್ಪಲಿ ಸರಿಮಾಡಿಕೊಳ್ಳುವ ನೆಪ ಮಾಡಿ, ಬಿಸಿಲೇರುವವರೆಗೂ ನಡೆದೆವು. ಕೆಮ್ಮು ಬರದಿರಲೆಂದು ಬಾಯಲ್ಲಿ ಲವಂಗ ಇಟ್ಟುಕೊಂಡಿದ್ದರು. ಕಮಲ ನೇರ ಬೆಂಗಳೂರಿನಿಂದ ಬಂದು ಅಲ್ಲೇ ನಿಂತಿದ್ದಳು. ಅಪ್ಪನನ್ನು ನೋಡಿದವಳು ತಟ್ಟನೆ ನೆಲ ನೋಡಿದಳು.

"ಏಮಪ್ಪಾ, ಇನ್ನೂ ಒಳಕ್ಕೆ ಇಳೀತಿದೀಯಾ?"

ಭಾವ ಬಾಯಿ ತೆರೆದರು. ಕೆಮ್ಮು ಗಂಟಲಲ್ಲಿ ಬಂದು ನಿಂತಿತ್ತು, ಅದನ್ನು ಒಳಗೇ ಹಿಡಿಯುವ ಕಷ್ಟಕ್ಕೆ ಕುತ್ತಿಗೆಯ ನರಗಳೆಲ್ಲ ಎದ್ದವು. ಕಣ್ಣಲ್ಲಿ ನೀರು. ಶೆಟ್ಟರು ನೋಡುತ್ತಿದ್ದರು. ನನಗೆ ಇವತ್ತಿಗೂ ಅನ್ನಿಸುತ್ತದೆ, ಆ ಹೊತ್ತಿಗೆ ಅವರಿಗೆ ಎಲ್ಲ ತಿಳಿದಿತ್ತು. ತಕ್ಕಡಿಯ ಕಡೆ ತಿರುಗಿ ಯಾರನ್ನೋ ಸುಮ್ಮಸುಮ್ಮನೆ ಗದರಿಸಿ, ಭಾವನಿಗೆ ಹೊತ್ತು ಕೊಟ್ಟರು.

"ಇಳೀತಿದೀನಿ ಸಾಮಿ" ಎಂದರು ಭಾವ.

"ಆಯ್ತು. ಕೂತ್ಕೋ" ಎಂದರು ಶೆಟ್ಟರು.

ಕಮಲ ಪಾಸಾದಳು. ಸುದ್ದಿ ಬಂದ ದಿನವೂ ಭಾವ ಪಾಳಿಗೆ ಹೋಗಿದ್ದರು. ಮೇಲೆ ಬಂದ ಮೇಲೆ ತಿಳಿಯಿತು. ಮಾರನೆಯ ದಿನದಿಂದ ಇಳಿಯಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಸಿಗೆಯ ಸುರುಳಿಗೆ ಒರಗಿ ಕೂತೇ ಇರುತ್ತಿದ್ದರು. ಕಮಲ ಬಂದು ಪಕ್ಕದಲ್ಲಿ ಕೂತಳು. ಔಷಧಿ ಕೊಟ್ಟಳು, ಬೆನ್ನು ತಟ್ಟಿದಳು, ಕಲಿತದ್ದನ್ನೆಲ್ಲ ಮಾಡಿದಳು. ಅವಳು ಕಲಿತದ್ದರಲ್ಲಿ ಅದಕ್ಕೆ ಮದ್ದಿರಲಿಲ್ಲ. ಹಾಗೆ ಕೂತೇ ಒಂದು ಬೆಳಿಗ್ಗೆ, ಲೈನಿನವರೆಲ್ಲ ನೀರು ಹಿಡಿಯುವ ಹೊತ್ತಿನಲ್ಲಿ, ಹೋಗಿಬಿಟ್ಟರು.

ಸಾವಿನ ಕಾರಣ ಬರೆಯಲು ಡಾಕ್ಟರು ಬಂದರು. ಹೊಸಬರು, ಸಜ್ಜನರು. ಅವರ ಕೈಯಲ್ಲಿದ್ದ ಹಳೆಯ ಪರೀಕ್ಷೆಯ ಪ್ರಕಾರ ಭಾವನ ಎದೆ ಸ್ವಚ್ಛ. ಕಮಲಳನ್ನು ನೋಡಿ ಮರ್ಯಾದೆಯಿಂದ ಕೇಳಿದರು.

"ನೀವೂ ಈಗ ಡಾಕ್ಟರು. ಲಂಗ್ಸ್ ಕ್ಲಿಯರ್ ಅಂತಿದೆ. ನೀವು ಹತ್ತಿರದಿಂದ ನೋಡಿದೀರಿ, ಏನು ಬರೀಲಿ? ಹಾರ್ಟ್ ಅಂತ ಬರೀಲಾ?"

ಪಿಳ್ಳಪ್ಪ ಸುದ್ದಿ ತಿಳಿದು ಊರಿನಿಂದ ಓಡಿ ಬಂದು ಬಾಗಿಲಲ್ಲಿ ನಿಂತಿದ್ದ. ಕೈಕಾಲಿನಲ್ಲಿ ಹೊಲದ ಮಣ್ಣು ಹಾಗೇ ಇತ್ತು. ನಿಜ ಹೇಳಿದರೆ ಅಕ್ಕನಿಗೆ ಪರಿಹಾರ ಬರುತ್ತದೆಯೋ ಇಲ್ಲವೋ, ಆ ಮಣ್ಣಂತೂ ಹೋಗುತ್ತದೆ. ಕಮಲ ಅವನನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು.

"ಹೌದು ಸರ್" ಎಂದಳು. "ಹಾರ್ಟ್."

ಡಾಕ್ಟರಾಗಿ ಅವಳು ಹೇಳಿದ ಮೊದಲ ಮಾತು ಅದು. ಪಿಳ್ಳಪ್ಪ ಕುಸಿದು ಕೂತು, ಹೊಸಲಿಗೆ ಹಣೆ ಚಚ್ಚಿಕೊಂಡು ಅತ್ತ.

ಅವನು ಋಣ ಮರೆಯುವವನಲ್ಲ. ಅಕ್ಕ ಇರುವವರೆಗೂ ಸುಗ್ಗಿಯಾದ ಮೇಲೆ ರಾಗಿ, ಕಡಲೆಕಾಯಿ ಹೊತ್ತು ತರುತ್ತಿದ್ದ. ಆದರೆ ಅವನ ಪಾಡು ನೋಡಿ. ದಾಖಲೆಯಲ್ಲಿ ಅವನು ಎದೆ ಕೆಟ್ಟವನು. ಹಳೆಯ ಪರಿಚಯದವರು ಯಾರಾದರೂ ಎದುರಾದರೆ ಕೆಮ್ಮಬೇಕು. ಕೆಮ್ಮೇ ಇಲ್ಲದವನು ಕೆಮ್ಮುವುದನ್ನು ಎಲ್ಲಿ ಕಲಿಯಬೇಕು? ಭಾವ ಕೆಮ್ಮುತ್ತಿದ್ದ ಹಾಗೆಯೇ ಕೆಮ್ಮುತ್ತಿದ್ದ. ಒಂದು ಸಲ ಚೀಲ ಹೊತ್ತುಕೊಂಡು ಲೈನಿಗೆ ಬರುವಾಗ ಯಾರನ್ನೋ ಕಂಡು ಅವನು ಹಾಗೆ ಕೆಮ್ಮಿದ್ದೇ, ಒಳಗಿದ್ದ ಅಕ್ಕ ಕೈಯ ಕೆಲಸ ಬಿಟ್ಟು ಬಾಗಿಲಿಗೆ ಓಡಿಬಂದಳು. ಬಂದು, ಅವನನ್ನು ನೋಡಿ, ಹಾಗೆಯೇ ತಿರುಗಿ ಒಳಗೆ ಹೋದಳು. ಅಂದು ಅವನು ಚೀಲ ಇಳಿಸಿ ಊಟ ಮಾಡದೆ ಹೊರಟುಹೋದ. ಅಕ್ಕನಿಗೆ ಎಲ್ಲವನ್ನೂ ಹೇಳಿದ್ದು ಆಮೇಲೆಯೇ, ನಾನೇ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ನಂಗ್ಯಾಕೆ ಏಳ್ಲಿಲ್ಲ?"

ಕಮಲ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದಳು. ಒಳ್ಳೆಯ ಡಾಕ್ಟರು ಎಂದು ಹೆಸರು ಪಡೆದಳು. ಅಪ್ಪನ ವಿಷಯ ಬಂದರೆ ಹಾರ್ಟ್ ಎನ್ನುವಳು. ಮನೆಯಲ್ಲಿ ನಾವಿಬ್ಬರೇ ಇದ್ದಾಗಲೂ ಹಾಗೆಯೇ ಎನ್ನುವಳು. ಹೇಳಿ ಹೇಳಿ ಅವಳಿಗೆ ಅದೇ ನಿಜವಾಗಿಬಿಟ್ಟಿದೆಯೇನೋ ಎಂದು ನನಗೆ ಭಯವಾಗುತ್ತಿತ್ತು. ಗಣಿ ಮುಚ್ಚಿತು. ಅಕ್ಕ ಹೋದಳು. ಶೆಟ್ಟರು ಎಂದೋ ಹೋಗಿದ್ದರು. ಪಿಳ್ಳಪ್ಪ ಮಾತ್ರ ಗಟ್ಟಿಮುಟ್ಟಾಗಿ, ಮೊಮ್ಮಕ್ಕಳ ಮದುವೆ ನೋಡಿಕೊಂಡು ಇದ್ದ. ಅವನಿರುವವರೆಗೆ ಇದನ್ನೆಲ್ಲ ಬರೆಯುವ ಹಾಗಿರಲಿಲ್ಲ.

ಕಳೆದ ತಿಂಗಳು ಅವನೂ ತೀರಿಕೊಂಡ. ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋದನಂತೆ, ಉಸಿರಾಡಲು ಯಾವ ತೊಂದರೆಯೂ ಇಲ್ಲದೆ.

ಇವತ್ತು ಮಧ್ಯಾಹ್ನ ಕಮಲ ಬಂದಿದ್ದಳು. ಅವಳಿಗೂ ತಲೆ ಪೂರ್ತಿ ನರೆತಿದೆ, ಕೆಲಸದಿಂದ ನಿವೃತ್ತಳಾಗಿದ್ದಾಳೆ. ಊಟ ಮಾಡಿ ಕೂತಾಗ ಧೈರ್ಯ ಮಾಡಿ ಕೇಳಿದೆ. "ಇನ್ನು ಯಾರಿಗೂ ಏನೂ ಆಗೋದಿಲ್ಲ ಕಣೇ. ಬರೆಯಲಾ?"

ಅವಳು ಎದ್ದು ಹೋಗುತ್ತಾಳೆ ಎಂದುಕೊಂಡೆ. ಎದ್ದು ಹೋಗಲಿಲ್ಲ. ಎರಡು ಸಲ ಏನೋ ಹೇಳಲು ಹೊರಟು ನಿಲ್ಲಿಸಿದಳು. ಎಷ್ಟೋ ಜನರ ಮನೆಯವರಿಗೆ ಎಂತೆಂಥ ಸುದ್ದಿಯನ್ನೋ ತಿಳಿಸಿದ ಡಾಕ್ಟರು ಅವಳು.

"ನಮ್ಮಪ್ಪ ಕಲ್ಲಿನ ಧೂಳಿಂದ ಸತ್ತ" ಎಂದಳು. ಗಟ್ಟಿಯಾಗಿ ಅಂದಳು, ಪಕ್ಕದ ಕೋಣೆಯಲ್ಲಿ ಯಾರಿಗೋ ಕೇಳಿಸುವ ಹಾಗೆ. ಆಮೇಲೆ ಅತ್ತಳು. ಇವತ್ತೇ ಬೆಳಿಗ್ಗೆ ಸತ್ತವರಿಗೆ ಅಳುವಂತೆ ಅತ್ತಳು, ನಾನು ಅವಳ ಬೆನ್ನು ಸವರುತ್ತ ಕೂತೆ. ಸಂಜೆ ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು, ತಿರುಗಿ ನೋಡಿ, "ಬರಿ ಚಿಕ್ಕಮ್ಮ. ಹಾರ್ಟ್ ಅಂತ ಮಾತ್ರ ಬರೀಬೇಡ" ಎಂದು ಹೇಳಿ ಹೋದಳು.